ಹೆಗಲು ಹಗುರಾನಾ?

ನಮ್ಮ ಊರಿನಲ್ಲಿ ಹದಿನೆಂಟು ತುಂಬಿದವರಿಗೆ ಕೋವಿ ಆರಿಸಿ ಕೊಡುವವನು ನಾನು. ಹೆಸರು ಹಾಲಪ್ಪ. ನನ್ನಪ್ಪ ಇದೇ ಕೆಲಸ ಮಾಡಿದ, ಅವನಪ್ಪನೂ ಇದನ್ನೇ ಮಾಡಿದ. ಕೆರೆ ಏರಿ ಇಳಿದ ಕೂಡಲೇ ಸಿಗುವ ಉದ್ದನೆಯ ಹೆಂಚಿನ ಕಟ್ಟಡ ನಮ್ಮ ಕೋವಿಮನೆ. ಬುಧವಾರ ಬೆಳಿಗ್ಗೆ ಬಾಗಿಲು ತೆರೆಯುತ್ತೇನೆ. ಬಂದವರನ್ನು ಏನೂ ಕೇಳುವುದಿಲ್ಲ, ಬೆಂಚಿನ ಮೇಲೆ ಕೂರಿಸಿ ಒಂದು ಲೋಟ ಮಜ್ಜಿಗೆ ಕೊಡುತ್ತೇನೆ. ಲೋಟಕ್ಕೆ ಯಾವ ಕೈ ಚಾಚಿದರು, ಮೂಗು ತುರಿಸಿದಾಗ ಯಾವ ಕೈ ಮೇಲೆ ಹೋಯಿತು, ಯಾವ ಹೆಗಲು ಕೂದಲೆಳೆಯಷ್ಟು ಇಳಿದಿದೆ ಎಂದು ನೋಡಿದರೆ ನನಗೆ ಸಾಕು. ಮಜ್ಜಿಗೆ ಮುಗಿಯುವುದರೊಳಗೆ ಅವರ ಕೋವಿ ಯಾವುದೆಂದು ನನಗೆ ಗೊತ್ತಾಗಿರುತ್ತದೆ. ಊರಲ್ಲಿ ಯಾರಾದರೂ ಏನನ್ನಾದರೂ ಚೆನ್ನಾಗಿ ಪತ್ತೆ ಹಚ್ಚಿದರೆ "ಹಾಲಪ್ಪನ ಕಣ್ಣು ನಿನ್ನದು" ಅನ್ನುತ್ತಾರೆ. ಈ ಮಾತನ್ನು ನಾನು ಮೂವತ್ತೊಂದು ವರ್ಷ ನಂಬಿಕೊಂಡು ಓಡಾಡಿದೆ.

ನಮ್ಮ ಕೋವಿಗಳಿಂದ ಗುಂಡು ಬರುವುದಿಲ್ಲ, ಮಾತು ಬರುತ್ತದೆ. ಹೊತ್ತವರು ಆಡದೇ ಉಳಿಸಿಕೊಂಡ ಮಾತೆಲ್ಲ ತಾನಾಗಿ ನಳಿಗೆಗೆ ಇಳಿದು ಕೂರುತ್ತದೆ. ಕೂತಷ್ಟೂ ಕೋವಿ ಭಾರವಾಗುತ್ತದೆ. ಯಾವತ್ತಾದರೂ ಹಾರಿದರೆ ಹೊತ್ತವರದೇ ದನಿಯಲ್ಲಿ ಹೊರಗೆ ಬೀಳುತ್ತದೆ. ಆದ್ದರಿಂದ ಎಂಥ ಕೋವಿ ಬೇಕು ಅನ್ನುವುದಕ್ಕಿಂತ ಮೊದಲು, ಯಾರಿಗೆ ಕೇಳಿಸಬೇಕು ಎಂದು ಯೋಚಿಸಬೇಕಾಗುತ್ತದೆ. ಪಿಸ್ತೂಲಿನ ಮಾತು ಪಕ್ಕದಲ್ಲಿ ನಿಂತವರಿಗೆ ಮಾತ್ರ. ಗಿಡ್ಡ ಕೋವಿಯದು ಒಂದು ಬೀದಿಗೆ ಸಾಕು. ಉದ್ದ ನಳಿಗೆಯದು ಕೆರೆ ದಾಟಿ ಆಚೆ ಗುಡ್ಡ ಮುಟ್ಟುತ್ತದೆ. ಜೋಡುನಳಿಗೆಯನ್ನು ನಾನು ಯಾರಿಗೂ ಸುಲಭವಾಗಿ ಕೊಡುವುದಿಲ್ಲ. ನಮ್ಮ ಓಂಕಾರಯ್ಯ ಮೇಷ್ಟ್ರು ಹಟ ಮಾಡಿ ತೆಗೆದುಕೊಂಡು ಹೋದರು. ಒಂದು ದಿನ ತುಂಬಿದ ಬಸ್ಸಿನಲ್ಲಿ ಬ್ರೇಕ್ ಹಾಕಿದ ರಭಸಕ್ಕೆ ಅದು ಹಾರಿಬಿಟ್ಟಿತು. ಮೊದಲ ನಳಿಗೆ "ನನಗೆ ಈ ಮೇಷ್ಟ್ರ ಕೆಲಸ ಬೇಡವೇ ಬೇಡ" ಅಂದಿತು, ಎರಡನೆಯದು "ಬಿಟ್ಟರೆ ನಿನಗೆ ಇನ್ನೇನು ಬರುತ್ತೆ" ಅಂದಿತು. ಬಸ್ಸಿನಲ್ಲಿ ಅವರ ಶಿಷ್ಯರೇ ಇಪ್ಪತ್ತು ಜನ ಇದ್ದರು.

ಕೋವಿಯನ್ನು ಮುಚ್ಚಿಡಬಾರದು, ಎಲ್ಲರಿಗೂ ಕಾಣುವ ಹಾಗೆ ಹೊರಬೇಕು. ಹೆಂಗಸರು ಸೆರಗು ಅದರ ಮೇಲೆ ಬೀಳದಂತೆ ಸಿಕ್ಕಿಸಿಕೊಳ್ಳುತ್ತಾರೆ. ಮಳೆ ಬಂದರೆ ನಾವು ನೆನೆಯುತ್ತೇವೆಯೇ ಹೊರತು ಕೋವಿಗೆ ಬಟ್ಟೆ ಹೊದಿಸುವುದಿಲ್ಲ. ಸಂತೆಯಲ್ಲಿ ಸೊಪ್ಪಿನ ಚೀಲವನ್ನು ನಳಿಗೆಗೆ ನೇತು ಹಾಕಿಕೊಂಡು ಬರುವವರುಂಟು, ಹಜಾಮತಿಗೆ ಕೂತಾಗ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ನಿದ್ದೆ ಹೋಗುವವರುಂಟು. ಎದುರಿಗೆ ಸಿಕ್ಕವರು ಊಟ ಆಯಿತಾ ಅಂತ ಕೇಳುವುದಿಲ್ಲ. "ಹೆಗಲು ಹಗುರಾನಾ?" ಅನ್ನುತ್ತಾರೆ. "ಹಗುರ" ಅನ್ನಬೇಕು. ಕಣ್ಣೆದುರಿಗೇ ಹೆಗಲು ಇಳಿಬಿದ್ದಿದ್ದರೂ ಹಗುರ ಅನ್ನುತ್ತಾರೆ, ಕೇಳಿದವರೂ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ.

ಇನ್ನೊಂದು ಕಟ್ಟಳೆ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಮದುವೆಯಾದ ದಿನ ಗಂಡನ ಮನೆಯ ಬಾಗಿಲ ಅಕ್ಕಪಕ್ಕ ಎರಡು ಗೂಟ ಹೊಡೆಯುತ್ತಾರೆ. ಒಂದು ಅವನ ಕೋವಿಯ ಅಳತೆಗೆ, ಒಂದು ಅವಳದರ ಅಳತೆಗೆ. ಗೂಟವನ್ನು ಎರಡನೇ ಸಲ ಹೊಡೆಯುವಂತಿಲ್ಲ. ಕೋವಿಯನ್ನು ಜೀವಮಾನದಲ್ಲಿ ಒಮ್ಮೆ ಬದಲಿಸಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಮನೆಯ ಗೂಟದ ಮೇಲೆ ಕೂರದ ಕೋವಿ ಆ ಮನೆಯೊಳಗೆ ಬರುವಂತಿಲ್ಲ. ಅಂದರೆ ಮದುವೆಯಾದವರು ಕೋವಿ ಬದಲಿಸಲು ಬಂದರು ಎಂದರೆ ಏನು ಅರ್ಥ ಎಂದು ಊರಿಗೆಲ್ಲ ಗೊತ್ತು. ಅಂಥವರು ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ನಿಂತವರು ಮಾತು ನಿಲ್ಲಿಸುತ್ತಾರೆ.

ಹಿಂದಿರುಗಿ ಬಂದ ಕೋವಿಯನ್ನು, ಸತ್ತವರ ಕೋವಿಯನ್ನು ಮತ್ತೆ ಹೊಸಬರಿಗೇ ಕೊಡುವುದು, ಆದರೆ ಹಾಗೇ ಗೋಡೆಗೆ ಹಾಕುವುದಿಲ್ಲ. ಕೋವಿಮನೆಯ ಹಿಂದೆ ಒಂದು ಬತ್ತಿದ ಮೆಟ್ಟಿಲು ಬಾವಿ ಇದೆ. ಅದರ ತಳದಲ್ಲಿ ಆಡಿದ್ದು ಮೇಲಕ್ಕೆ ಬರುವುದಿಲ್ಲ. ಅಲ್ಲಿಗೆ ಒಯ್ದು ಹಾರಿಸಬೇಕು. ಕೋವಿಮನೆಯವನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕು. ಕೇಳಿದ್ದನ್ನು ಸಾಯುವ ತನಕ ಯಾರಿಗೂ ಹೇಳಬಾರದು. ಯಾರೂ ಕೇಳಿಸಿಕೊಳ್ಳದಿದ್ದರೆ ಮಾತು ಬಾವಿಯ ಗೋಡೆಗೆ ತಾಗಿ ವಾಪಸ್ಸು ನಳಿಗೆಯೊಳಕ್ಕೇ ಬಂದು ಕೂರುತ್ತದೆ ಎಂದು ನನ್ನಪ್ಪ ಹೇಳಿಕೊಟ್ಟಿದ್ದ.

ನಾನು ಕೇಳಿಸಿಕೊಂಡದ್ದು ಒಂದೇ ಒಂದು. ಅಪ್ಪ ತೀರಿಕೊಂಡು ಕೆಲಸ ನನ್ನ ಕೈಗೆ ಬಂದ ಹೊಸದು, ನನ್ನ ಮದುವೆಯಾಗಿ ಮೂರು ತಿಂಗಳಾಗಿತ್ತು. ಒಬ್ಬ ಮುದುಕಿಯ ಗಿಡ್ಡ ಕೋವಿ ಬಂತು. ಊರಿನ ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಮುದುಕಿ ಅದು, ನನಗೂ ಹಾಕಿದ್ದಳು. ಅದರ ಮಾತು ಏನೆಂದು ಹೇಳುವಂತಿಲ್ಲ. ಕೇಳಿದ ಮೇಲೆ ಎಂಟು ದಿನ ನನಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಮುಂದಿನ ಸಲ ಬಾವಿಗೆ ಇಳಿಯುವಾಗ ಕಿವಿಗೆ ಅರಳೆ ತುರುಕಿಕೊಂಡೆ. ಹೆದರಿಕೆಯಾಯಿತು, ಅಷ್ಟೆ. ಅದಕ್ಕೆ ಬೇರೆ ಹೆಸರಿಡಲು ನನಗೆ ಇಷ್ಟವಿಲ್ಲ.

ಅರಳೆ ಕಿವಿಯಲ್ಲಿ ಇದ್ದರೆ ಎಷ್ಟು ಆರಾಮ ಅಂತ ಇಟ್ಟುಕೊಂಡವರಿಗೇ ಗೊತ್ತು. ಊರು ದೂರದಲ್ಲಿ ಎಲ್ಲೋ ನಡೆಯುತ್ತಿರುವ ಹಾಗೆ, ಹತ್ತಿರದವರೂ ನೀರಿನ ಆಚೆ ದಡದಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿರುವ ಹಾಗೆ ಇರುತ್ತದೆ. ಮೊದಮೊದಲು ಬಾವಿಯಿಂದ ಹತ್ತಿದ ಮೇಲೆ ತೆಗೆಯುತ್ತಿದ್ದೆ, ಆಮೇಲೆ ಮನೆ ಬಾಗಿಲಲ್ಲಿ ತೆಗೆಯತೊಡಗಿದೆ, ಆಮೇಲೆ ತೆಗೆಯುವುದನ್ನೇ ಬಿಟ್ಟೆ. ನನಗೆ ಕಿವಿ ಮಂದ ಎಂದುಕೊಂಡು ಜನ ನನ್ನ ಹತ್ತಿರ ಜೋರಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಮನೆಯಲ್ಲಿ ಮಾತ್ರ ಸಾವಂತ್ರಿ, ನನ್ನ ಹೆಂಡತಿ, ಮೆಲ್ಲಗೇ ಮಾತಾಡುತ್ತಿದ್ದಳು. ಅವಳ ದನಿಯೇ ಹಾಗೆ. ತುಟಿ ನಿಂತ ಕೂಡಲೇ ನಾನು "ಹ್ಞೂಂ" ಅನ್ನುತ್ತಿದ್ದೆ. ಸಂಸಾರಕ್ಕೆ ಹ್ಞೂಂ ಎಷ್ಟು ದೂರ ನಡೆದುಬಿಡುತ್ತದೆ ಎಂದು ಈಗ ನೆನೆಸಿಕೊಂಡರೆ ಆಶ್ಚರ್ಯವಾಗುತ್ತದೆ.

ಈಚಿನ ವರ್ಷಗಳಲ್ಲಿ ಕೋವಿಮನೆಗೆ ಒಂದೇ ದೂರು ಬರುತ್ತಿತ್ತು, ಈಗಷ್ಟೇ ಕೊಟ್ಟ ಕೋವಿ ಆಗಲೇ ಭಾರ ಎಂದು. ಹೋದ ಬೇಸಿಗೆಯಲ್ಲಿ ಅಂಚೆ ಕಚೇರಿಗೆ ಹೊಸದಾಗಿ ಸೇರಿದ ಭುವನಾ ಎಂಬ ಹುಡುಗಿ ಬಂದಳು. ಹದಿನೆಂಟು ತುಂಬಿ ಒಂದು ವಾರವಾಗಿತ್ತು, ಅಷ್ಟರಲ್ಲೇ ಒಂದು ಹೆಗಲು ಇಳಿದಿತ್ತು.

"ಮಾವ, ನಂಗೆ ಯಾವ ಗುಟ್ಟೂ ಇಲ್ಲ. ಮನಸ್ಸಿಗೆ ಬಂದಿದ್ದೆಲ್ಲ ಬಾಯಲ್ಲಿ ಬಂದ್ಬಿಡುತ್ತೆ ಅಂತ ನಮ್ಮಮ್ಮ ಬೈತಾಳೆ. ಆದ್ರೂ ಇದ್ಯಾಕೆ ಇಷ್ಟು ಭಾರ?" ಎಂದು ಕಿರುಚಿದಳು.

"ಪಟ್ಟಿ ಸರಿ ಇಲ್ಲಮ್ಮ. ಹೊಸ ಚರ್ಮ, ಸ್ವಲ್ಪ ದಿನ ಎಳೆಯುತ್ತೆ" ಅಂದೆ.

ಎಲ್ಲರಿಗೂ ಪಟ್ಟಿಯ ಮೇಲೇ ಹೇಳುತ್ತಿದ್ದೆ. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಹೇಳುತ್ತಿದ್ದೆ.

ಅದಾಗಿ ಮೂರನೇ ಬುಧವಾರ ಸಾಲಿನಲ್ಲಿ ಎಂಟನೆಯವಳಾಗಿ ಸಾವಂತ್ರಿ ನಿಂತಿದ್ದಳು. ಬುತ್ತಿ ತಂದಿದ್ದಾಳೆ ಎಂದುಕೊಂಡು ಕೈಬೀಸಿ ಒಳಗೆ ಕರೆದೆ. ಬರಲಿಲ್ಲ. ಕೈಯಲ್ಲಿ ಬುತ್ತಿಯೂ ಇರಲಿಲ್ಲ. ಅವಳ ಮುಂದಿನವರು, ಹಿಂದಿನವರು ನೆಲ ನೋಡುತ್ತಿದ್ದರು. ಆ ಏಳು ಜನಕ್ಕೆ ನಾನು ಏನು ಕೊಟ್ಟು ಕಳಿಸಿದೆನೋ ನೆನಪಿಲ್ಲ. ಅವಳ ಸರದಿ ಬಂದಾಗ ಬಂದು ಬೆಂಚಿನ ಮೇಲೆ ಕೂತಳು, ನೀಲಿ ಸೀರೆಯ ಸೆರಗನ್ನು ಸೊಂಟದ ಪಿಸ್ತೂಲಿನಿಂದ ಈಚೆಗೆ ಸರಿಸಿಕೊಂಡಳು. ಮಜ್ಜಿಗೆ ಕೊಡುವುದನ್ನೂ ಮರೆತೆ.

"ನನಗೆ ಕೋವಿ ಬದಲಾಯಿಸ್ಬೇಕು" ಅಂದಳು. ಅವತ್ತು ಜೋರಾಗಿ ಅಂದಳು, ಸಾಲಿಗೆಲ್ಲ ಕೇಳಿಸಿತು. "ಅಗೋ, ಆ ಉದ್ದದ್ದು. ಗಂಟೆ ಬೋರಲಿಂಗಯ್ಯನೋರದು."

ಬೋರಲಿಂಗಯ್ಯ ಊರಿನ ಗಂಟೆ ಬಾರಿಸುತ್ತಿದ್ದವರು, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಕೋವಿ ಆಳೆತ್ತರ. ಅಷ್ಟು ಉದ್ದದ್ದು ಕೋವಿಮನೆಯಲ್ಲಿ ಇನ್ನೊಂದಿಲ್ಲ.

"ಸಾವಂತ್ರಿ, ಅದು ನಮ್ಮ ಮನೆ ಗೂಟಕ್ಕೆ ಕೂರಲ್ಲ" ಅಂದೆ.

"ಗೊತ್ತು."

"ಮತ್ತೆ ಎಲ್ಲಿಡ್ತೀಯ?"

"ನಮ್ಮಕ್ಕನ ಮನೇಲಿ ಜಾಗ ಇದೆ."

ನಾನು ಅಂಗಡಿಯವನ ಹಾಗೆ ಮಾತು ಬದಲಿಸಿದೆ. ಉದ್ದದ್ದು ಹೆಂಗಸರ ಹೆಗಲಿಗೆ ಹೊಂದಲ್ಲ ಎಂದೆ, ಬಾಗಿಲಿಗೆ ತಗಲುತ್ತೆ ಎಂದೆ, ಬಸ್ಸಿನಲ್ಲಿ ಕಷ್ಟ ಎಂದೆ. ಅವಳು ಸುಮ್ಮನೆ ಕೂತು ಕೇಳಿದಳು. ಎಲ್ಲಾ ಮುಗಿದ ಮೇಲೆ "ಹ್ಞೂಂ" ಅಂದಳು, ಥೇಟ್ ನನ್ನ ಹಾಗೇ. ಸಾಲಿನಲ್ಲಿ ಯಾರೋ ಕೆಮ್ಮಿದರು.

ಬದಲಿಸುವ ಮುಂಚೆ ಹಳೆಯದನ್ನು ಖಾಲಿ ಮಾಡಬೇಕಲ್ಲ. ಬಾಗಿಲಿಗೆ ಚಿಲಕ ಹಾಕಿ ಇಬ್ಬರೂ ಬಾವಿಗೆ ಇಳಿದೆವು. ಮಧ್ಯಾಹ್ನದ ಹೊತ್ತು, ಆದರೂ ಇಳಿದ ಹಾಗೆಲ್ಲ ಬೆಳಕು ತೆಳುವಾಗಿ ಹಸಿರಾಗುತ್ತಾ ಹೋಯಿತು. ಮೆಟ್ಟಿಲ ಸಂದಿಯಲ್ಲಿ ಪಾರಿವಾಳಗಳು ಕೂತಿದ್ದವು. ಮೂವತ್ತೊಂದು ವರ್ಷದಿಂದ ಆ ಪುಟ್ಟ ಪಿಸ್ತೂಲಿನಲ್ಲಿ ಏನೇನು ತುಂಬಿದೆಯೋ ಎಂದು ನೆನೆಸಿಕೊಳ್ಳುತ್ತಾ ಒಂದೊಂದೇ ಮೆಟ್ಟಿಲು ಇಳಿದೆ. ನನ್ನ ಬೆನ್ನ ಮೇಲಿದ್ದ ಗಿಡ್ಡ ಕೋವಿ ಎಂದಿಗಿಂತ ಭಾರವಾಗಿತ್ತು. ತಳ ಮುಟ್ಟಿದಾಗ ಸಾವಂತ್ರಿ ನನ್ನ ಕಡೆ ತಿರುಗಿ, ಎರಡು ಬೆರಳಿನಿಂದ ತನ್ನ ಕಿವಿ ಮುಟ್ಟಿ ತೋರಿಸಿದಳು.

"ತೆಗೀರಿ" ಅನ್ನುತ್ತಿದ್ದಾಳೆ ಎಂದು ತುಟಿಯಿಂದ ತಿಳಿಯಿತು.

"ಏನು ತೆಗೀಲಿ?" ಅಂದೆ, ಕಳ್ಳನ ಹಾಗೆ.

ಅವಳೇ ಹತ್ತಿರ ಬಂದು, ಮಕ್ಕಳ ಕಿವಿಗೆ ಕೈ ಹಾಕುವಂತೆ ಹಾಕಿ, ಎರಡೂ ಕಡೆಯ ಅರಳೆ ಎಳೆದಳು. "ದಿನಾ ನಿಮ್ಮ ಅಂಗಿ ಜೇಬಿಂದ ಮಿಕ್ಕ ಅರಳೆ ತೆಗೆದು ಬಟ್ಟೆ ನೆನೆ ಹಾಕ್ತಿರೋಳು ನಾನೇ. ನಂಗೊತ್ತಿಲ್ಲ ಅಂದ್ಕೊಂಡ್ರಾ? ಆ ಹುಡುಗಿ ಭುವನಾ ಹೆಗಲಲ್ಲಿ ಯಾರ ಮಾತು ಹೊತ್ಕೊಂಡು ಓಡಾಡ್ತಿದ್ದಾಳೋ, ಪಾಪ. ಪಟ್ಟಿ ಸರಿ ಇಲ್ಲವಂತೆ, ಪಟ್ಟಿ."

ಅವಳ ದನಿ ನನಗೆ ಹೊಸದಾಗಿತ್ತು. ಸ್ವಲ್ಪ ಒಡಕು, ಕೊನೆಯ ಅಕ್ಷರ ಎಳೆಯುವ ಚಾಳಿ. ಪಾರಿವಾಳ ರೆಕ್ಕೆ ಬಡಿದದ್ದು ಬಾವಿ ಕುಸಿದ ಹಾಗೆ ಕೇಳಿಸಿತು. ನಾನು ತಲೆ ಬಗ್ಗಿಸಿ ನಿಂತೆ. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಅನ್ನಿಸಿತು.

"ಹಾರಿಸ್ತೀನಿ. ಕೇಳಿಸ್ಕೊಳ್ಳಿ" ಅಂದಳು.

ಕಣ್ಣು ಮುಚ್ಚಿಕೊಂಡೆ. ಟಪ್ ಎಂದು ಸಣ್ಣ ಸದ್ದಾಯಿತು. ಆಮೇಲೆ ಏನೂ ಇಲ್ಲ. ಕಾದೆ. ಕಿವಿಯಲ್ಲಿ ಇನ್ನೂ ಅರಳೆಯ ಎಳೆ ಉಳಿದಿದೆಯೇನೋ ಎಂದು ಬೆರಳು ಹಾಕಿ ನೋಡಿಕೊಂಡೆ. ಬಾವಿಯ ತಳದಲ್ಲಿ ಒಂದು ಕಪ್ಪೆ ಮಾತ್ರ ಎಲ್ಲಿಂದಲೋ ಎಲ್ಲಿಗೋ ನೆಗೆಯಿತು.

"ಹಾರಲಿಲ್ಲ ಅಂತ ಕಾಣುತ್ತೆ. ಇನ್ನೊಂದು ಸಲ..." ಅಂದೆ.

"ಹಾರಿತು. ಅದರಲ್ಲಿ ಏನೂ ಇಲ್ಲ" ಅಂದಳು ಸಾವಂತ್ರಿ. "ನಾನು ಏನನ್ನ ಉಳಿಸ್ಕೊಂಡಿದ್ದೆ ಹೇಳಿ? ಎಲ್ಲಾ ನಿಮಗೆ ಹೇಳಿದೀನಲ್ಲ. ಅಡುಗೆ ಮನೇಲಿ ಹೇಳಿದೀನಿ, ಹಿತ್ತಲಲ್ಲಿ ಹೇಳಿದೀನಿ, ನಿಮ್ಮ ತಲೆಗೆ ಎಣ್ಣೆ ತಿಕ್ಕುವಾಗ ಹೇಳಿದೀನಿ. ಸಿಟ್ಟು ಬಂದಿದ್ದು, ಅಳು ಬಂದಿದ್ದು, ನೀವಂದ್ರೆ ಇಷ್ಟ ಅನ್ನೋದೂ ಹೇಳಿದೀನಿ. ನೀವು ಹ್ಞೂಂ ಅಂದ್ರಿ."

ಪಿಸ್ತೂಲನ್ನು ನನ್ನ ಅಂಗೈ ಮೇಲಿಟ್ಟಳು. ಹಕ್ಕಿಯ ಗೂಡಿನಷ್ಟು ಹಗುರವಾಗಿತ್ತು. ಇಡೀ ಊರಿನಲ್ಲಿ ಅಷ್ಟು ಹಗುರದ ಕೋವಿ ನಾನು ಮುಟ್ಟಿಲ್ಲ.

"ಮತ್ತೆ ಅಷ್ಟು ದೊಡ್ಡದು ಯಾಕೆ ನಿನಗೆ?" ಎಂದು ಕೇಳಿದೆ.

"ಇನ್ನು ಮೇಲೆ ತುಂಬಿಸ್ತೀನಿ. ಹೇಳಿ ಹೇಳಿ ಸಾಕಾಗಿದೆ ರೀ. ಅಕ್ಕನ ಮನೇಲಿ ಸುಮ್ನೆ ಇರ್ತೀನಿ. ಉಳಿದ ಆಯಸ್ಸಿಂದೆಲ್ಲ ಹಿಡೀಬೇಕಲ್ಲ, ಅದಕ್ಕೇ ದೊಡ್ಡದು ಬೇಕು."

ಅದನ್ನು ಅವಳು ಸಿಟ್ಟಿನಲ್ಲಿ ಹೇಳಲಿಲ್ಲ. ಊರಿಗೆ ಹೊರಟವರು ಎಷ್ಟು ದೊಡ್ಡ ಚೀಲ ಬೇಕು ಎಂದು ಯೋಚಿಸುವ ಹಾಗೆ ಹೇಳಿದಳು. ನನಗೆ ನಿಜಕ್ಕೂ ಹೆದರಿಕೆಯಾದದ್ದು ಆಗ. ಹೋಗಬೇಡ ಅಂದೆ. ಇನ್ನು ಮೇಲೆ ಕೇಳಿಸಿಕೊಳ್ಳುತ್ತೇನೆ ಅಂದೆ. ಅಂದದ್ದನ್ನೇ ನಾಲ್ಕು ಸಲ ಅಂದೆ.

ಅವಳು ಮೆಟ್ಟಿಲ ಮೇಲೆ ಕೂತಳು. "ಒಂದು ಮಾತು ಇದೆ. ಮದುವೆಯಾಗಿ ಆರು ತಿಂಗಳಿಗೆ ಶುರು ಮಾಡಿದ್ದು, ಮೊನ್ನೆ ಸೋಮವಾರದ ತನಕ ಹೇಳಿದೀನಿ. ಅದೇನು ಅಂತ ಹೇಳಿಬಿಡಿ, ನಾನು ಎಲ್ಲಿಗೂ ಹೋಗಲ್ಲ."

ತಡಕಾಡಿದೆ. "ಹಿತ್ತಲ ಬಾಗಿಲ ಚಿಲಕ ಸರಿ ಮಾಡಿಸೋದಾ?"

"ಅದನ್ನ ನಾನೇ ಮಾಡಿಸಿ ಒಂಬತ್ತು ವರ್ಷ ಆಯ್ತು."

"ನಿಮ್ಮಕ್ಕನ್ನ ಊಟಕ್ಕೆ ಕರೆಯೋದಾ?"

"ನಮ್ಮಕ್ಕ ಪ್ರತಿ ಭಾನುವಾರ ಬರ್ತಾಳೆ. ನಿಮ್ಮ ಎದುರಿಗೇ ಕೂತು ಉಣ್ತಾಳೆ."

ನನಗೆ ಅಳು ಬಂತು. ಐವತ್ತಾರು ವರ್ಷದ ಗಂಡಸು ಬಾವಿಯ ತಳದಲ್ಲಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡೆ. ಅವಳು ಕಾದಳು. ಆಮೇಲೆ ನಿಟ್ಟುಸಿರು ಬಿಟ್ಟು ಎದ್ದಳು. "ಕೊಡಿ ಅದನ್ನ, ಮೇಲೆ ಹೋಗೋ ತನಕ ನಂದೇ" ಎಂದು ಪಿಸ್ತೂಲು ತೆಗೆದುಕೊಂಡು ಸೊಂಟದ ಒರೆಗೆ ಸೇರಿಸಿಕೊಳ್ಳಲು ಹೋದಳು.

ಒರೆ ಇದ್ದದ್ದು ಬಲಗಡೆ. ಪಿಸ್ತೂಲು ಇದ್ದದ್ದು ಎಡಗೈಯಲ್ಲಿ. ಹೊಟ್ಟೆಯ ಮೇಲಿಂದ ತೋಳನ್ನು ಅಡ್ಡ ಹಾಯಿಸಿ, ಮಣಿಕಟ್ಟು ತಿರುಚಿ, ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು, ಒರೆಯೊಳಕ್ಕೆ ತುರುಕುತ್ತಿದ್ದಳು. ಒರೆಯ ಚರ್ಮ ಒಂದು ಕಡೆ, ಎಡಗೈ ಅಡ್ಡ ಬಂದು ತೀಡುವ ಕಡೆ, ಸವೆದು ಬೆಳ್ಳಗಾಗಿತ್ತು. ಅಂಥ ಸವೆತ ಬೇರೆಯವರ ಒರೆಯಲ್ಲಿದ್ದರೆ ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯುತ್ತಿದ್ದೆ.

"ಸಾವಂತ್ರಿ, ನೀನು ಎಡಚಿ" ಅಂದೆ.

ಅವಳ ಕೈ ನಿಂತಿತು.

"ಊಟ ಮಾತ್ರ ಬಲಗೈಲಿ. ನಮ್ಮಮ್ಮ ಹೊಡೆದು ಕಲಿಸಿದ್ದು" ಅಂದಳು. "ಮಿಕ್ಕಿದ್ದೆಲ್ಲ ಎಡಗೈಲಿ. ಈ ಪಿಸ್ತೂಲು ಬಲಗೈಯೋರದು. ಗೂಟಾನೂ ಬಾಗಿಲ ಬಲಗಡೆ ಹೊಡೆಸಿದ್ರಿ. ದಿನಾ ಬೆಳಿಗ್ಗೆ ತೆಗೆಯುವಾಗ ಮೊಣಕೈ ಬಾಗಿಲಿಗೆ ಬಡಿಯುತ್ತೆ. ಒಂಚೂರು ನೋಡಿ ರೀ, ಕೈಗೆ ಹೊಂದಲ್ಲ ಅಂತ ದಿನಾ ಹೇಳ್ತಿದ್ದೆ. ಊರಲ್ಲಿರೋರ ಕೈಯೆಲ್ಲ ನೋಡ್ತೀರಿ. ನಂದೊಂದು ನೋಡಿಲ್ಲ."

ಆ ಪಿಸ್ತೂಲನ್ನು ನಾನೇ ಆರಿಸಿದ್ದು. ಮದುವೆಗೆ ಎರಡು ದಿನ ಮುಂಚೆ, ಆಗಷ್ಟೇ ಹದಿನೆಂಟು ತುಂಬಿದ್ದ ಅವಳನ್ನು ಕೋವಿಮನೆಯ ಅದೇ ಬೆಂಚಿನ ಮೇಲೆ ಕೂರಿಸಿದ್ದರು. ಅಪ್ಪ ಬದುಕಿದ್ದ, ನೀನೇ ನೋಡಿ ಕೊಡೋ ಎಂದು ನನ್ನನ್ನು ಮುಂದೆ ತಳ್ಳಿದ್ದ. ಮಜ್ಜಿಗೆ ಕೊಟ್ಟಿದ್ದೆ. ಅವಳು ಲೋಟಕ್ಕೆ ಕೈ ಚಾಚಿದ್ದಳು. ಯಾವ ಕೈ ಎಂದು ನಾನು ನೋಡಲೇ ಇಲ್ಲ. ಯಾಕೆ ನೋಡಲಿಲ್ಲ ಎಂಬುದು ನನಗೆ ಆವತ್ತಿನಿಂದಲೂ ಗೊತ್ತಿತ್ತು. ಹೊಸದರಲ್ಲಿ ಹೇಳಲು ನಾಚಿಕೆ, ಆಮೇಲೆ ಹೇಳುವಂಥದ್ದಲ್ಲ ಅನ್ನಿಸಿತು, ಆಮೇಲೆ ಅರಳೆ.

"ಅವತ್ತು ನಿನ್ನ ಕೈ ನೋಡಲಿಲ್ಲ ಕಣೆ. ಮುಖ ನೋಡ್ತಿದ್ದೆ" ಅಂದೆ.

ಅಂದ ಕೂಡಲೇ ನನ್ನ ಬೆನ್ನ ಮೇಲಿದ್ದ ಕೋವಿ ಒಂದು ಸಲ ಮಿಸುಕಿ, ಯಾರೋ ಹಿಂದಿನಿಂದ ಎತ್ತಿ ಹಿಡಿದ ಹಾಗೆ ಹಗುರವಾಯಿತು. ಎಷ್ಟು ಹಗುರವಾಯಿತೆಂದರೆ ನಾನು ಆಯತಪ್ಪಿ ಗೋಡೆ ಹಿಡಿದುಕೊಂಡೆ. ಸಾವಂತ್ರಿ ನೋಡುತ್ತಿದ್ದಳು. ನಮ್ಮ ಊರಿನವಳಲ್ಲವೇ, ಏನಾಯಿತು ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

"ಇದನ್ನ ಆವಾಗಲೇ ಹೇಳೋಕೆ ಏನಾಗಿತ್ತು ನಿಮಗೆ?" ಅಂದಳು. ಕೊನೆಯ ಅಕ್ಷರ ಎಳೆದಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಬೈಯುತ್ತಲೇ ಇತ್ತು. ಮೇಲೆ ಹತ್ತುವ ತನಕವೂ ಬೈದಳು. ಅಷ್ಟನ್ನೂ ಕೇಳಿಸಿಕೊಂಡೆ.

ಅವಳು ಉದ್ದ ಕೋವಿಯನ್ನು ಅವತ್ತು ಒಯ್ಯಲಿಲ್ಲ. ಹಾಗಂತ ಬಿಟ್ಟುಕೊಡಲೂ ಇಲ್ಲ. "ಇದನ್ನ ಯಾರಿಗೂ ಕೊಡಬೇಡಿ, ಎತ್ತಿಟ್ಟಿರಿ. ನೋಡೋಣ" ಎಂದು ಒಂದು ಚೀಟಿಯ ಮೇಲೆ ತನ್ನ ಹೆಸರು ಬರೆದು ಅದರ ಪಟ್ಟಿಗೆ ಕಟ್ಟಿದಳು. ಎಡಗೈಯಲ್ಲಿ ಬರೆದಳು. ನಾನು ನೋಡುತ್ತಿರುವುದನ್ನು ನೋಡಿ ಬೇಕೆಂದೇ ನಿಧಾನವಾಗಿ ಬರೆದಳು.

ಗೂಟವನ್ನು ಎರಡನೇ ಸಲ ಹೊಡೆಯುವಂತಿಲ್ಲ, ಆದರೆ ಕೋವಿಗಳನ್ನು ಅದಲು ಬದಲು ಹಾಕಬಾರದು ಎಂದು ಯಾವ ಕಟ್ಟಳೆಯೂ ಇಲ್ಲ. ಅವಳ ಪಿಸ್ತೂಲು ಈಗ ಎಡಗಡೆಯ ದೊಡ್ಡ ಗೂಟದ ಮೇಲೆ ಸುಖವಾಗಿ ಕೂತಿದೆ. ಒರೆಯನ್ನೂ ಬಿಚ್ಚಿ ಎಡಸೊಂಟಕ್ಕೆ ಹೊಂದುವಂತೆ ಹೊಲಿದು ಕೊಟ್ಟೆ. ನನ್ನ ಕೋವಿ ಬಲಗಡೆಯ ಪುಟ್ಟ ಗೂಟದ ಮೇಲೆ ಸೊಟ್ಟಗೆ ತೂಗಾಡುತ್ತದೆ, ಜೋರು ಗಾಳಿ ಬಂದರೆ ಬೀಳುತ್ತದೆ. ಬಂದವರು ನಗುತ್ತಾರೆ. ಕೋವಿಮನೆಯವನ ಕೋವಿಗೇ ನೆಟ್ಟಗೊಂದು ಗೂಟ ಇಲ್ಲವಲ್ಲ ಎಂದು ಓಂಕಾರಯ್ಯ ಮೇಷ್ಟ್ರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಬಸ್ಸಿನ ಕಥೆ ನೆನಪಿಸಿದ ಮೇಲೆ ಸುಮ್ಮನಾದರು.

ಭುವನಾಳ ಕೋವಿಯನ್ನು ಮೊದಲು ವಾಪಸ್ಸು ತರಿಸಿ ಬಾವಿಗೆ ಒಯ್ದೆ. ಈಗ ದಿನಕ್ಕೊಂದರಂತೆ, ಮಧ್ಯಾಹ್ನ, ಗೋಡೆಯ ಮೇಲಿನವನ್ನೂ ಊರಿಗೆ ಕೊಟ್ಟು ಕಳಿಸಿದವನ್ನೂ ಒಂದೊಂದಾಗಿ ಹಾರಿಸಿ ಬರಿಗಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೇನೆ. ಕೆಲವಕ್ಕೆ ನಗು ಬರುತ್ತದೆ, ಕೆಲವು ದಿನ ಊಟ ಸೇರುವುದಿಲ್ಲ. ಏನು ಕೇಳಿದೆ ಎಂದು ಸಾವಂತ್ರಿ ಕೇಳುವುದಿಲ್ಲ, ತಟ್ಟೆಯನ್ನು ಹತ್ತಿರ ಸರಿಸುತ್ತಾಳೆ. ಬೋರಲಿಂಗಯ್ಯನವರದನ್ನು ಮಾತ್ರ ಇನ್ನೂ ಮುಟ್ಟಿಲ್ಲ. ಅದರಲ್ಲಿ ಅವರ ಮಾತು ತುಂಬಿರುವ ತನಕ ಅವಳ ಮಾತಿಗೆ ಜಾಗ ಇರುವುದಿಲ್ಲ ಎಂಬುದು ನನ್ನ ಸಣ್ಣ ಕುಯುಕ್ತಿ. ಬೋರಲಿಂಗಯ್ಯನವರು ಒಳ್ಳೆಯವರು, ಸ್ವಲ್ಪ ದಿನ ಕಾಯುತ್ತಾರೆ.

ಬೆಳಿಗ್ಗೆ ನಾನು ಹೊರಡುವಾಗ ಅವಳು ಅಡುಗೆ ಮನೆಯೊಳಗಿನಿಂದ ಮೆಲ್ಲಗೆ ಏನೋ ಅನ್ನುತ್ತಾಳೆ. ಒಗ್ಗರಣೆಯ ಸದ್ದಿನಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಹ್ಞೂಂ ಎಂಬುದು ತುಟಿಯ ತನಕ ಬಂದೇಬಿಡುತ್ತದೆ. ಅದನ್ನು ನುಂಗಿಕೊಂಡು, ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಹೋಗಿ ಒಲೆಯ ಹತ್ತಿರ ನಿಂತು ಕೇಳುತ್ತೇನೆ.

"ಏನಂದೆ?"